ಹಳೆಯ ಕಾರಿಗೆ ಅಗಲ ಟೈರು: ನಾಲ್ಕು ಅಂಚೆ ಕಾರ್ಡುಗಳ ಲೆಕ್ಕ

(ಹಳೆಯ ಮೋಟಾರು ವಾಹನಗಳ ಆಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ಕಾರುಗಳ ಬಗ್ಗೆ ಏನಾದರೂ ಮಾತನಾಡಿ ಎಂದಷ್ಟೇ ಹೇಳಿ ನನ್ನನ್ನು ಇಲ್ಲಿಗೆ ಕರೆತಂದಿದ್ದಾರೆ. ಎಂಜಿನ್ನಿನ ಬಗ್ಗೆ, ಫಳಫಳ ಹೊಳೆಯುವ ಕ್ರೋಮಿಯಂ ಬಗ್ಗೆ, ಮಹಾರಾಜರ ಗ್ಯಾರೇಜುಗಳ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಇವತ್ತು ಕಾರಿನ ಅತ್ಯಂತ ಕೆಳಗಿನ, ಸದಾ ಕೊಳೆಯಾಗಿರುವ, ಯಾರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದ ಭಾಗದ ಬಗ್ಗೆ ಮಾತನಾಡುತ್ತೇನೆ. ಅದು ಟೈರು.

ಇದಕ್ಕೊಂದು ಕಾರಣವಿದೆ. ನನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಎಂಜಿನಿಯರ್. ಹಲವು ವರ್ಷ ದುಡ್ಡು ಕೂಡಿಟ್ಟು 1972ರ ಪೋರ್ಷೆ 911 ಟಿ ಎಂಬ ಕಾರು ಕೊಂಡ. ಆ ಊರಿನಲ್ಲೇ ಹುಟ್ಟಿದ ಕಾರು. ಕೊಂಡ ವಾರವೇ ಫೋನು ಮಾಡಿ, ‘ಮಾವ, ಇದರ ಟೈರು ತೀರಾ ಸಣಕಲಾಗಿದೆ. ಅಗಲವಾದ, ಚೆನ್ನಾಗಿ ಹಿಡಿಯುವ ಟೈರು ಹಾಕಿಸಬೇಕು ಅಂತಿದ್ದೀನಿ. ಮುಂದೆ 205, ಹಿಂದೆ 225. ಏನಂತೀರಿ?’ ಎಂದು ಕೇಳಿದ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಬಂದರೆ ಒಂದು ಮಾತಿನಲ್ಲಿ ಉತ್ತರ ಮುಗಿಯುವುದಿಲ್ಲ. ಅವನಿಗೆ ಹಲವು ದಿನ ಹೇಳಿದ್ದನ್ನೇ ನಿಮಗೆ ಒಟ್ಟಾಗಿ ಹೇಳುತ್ತಿದ್ದೇನೆ.

ಮೊದಲು ಆ ಸಣಕಲು ಟೈರಿನ ಅಳತೆ ನೋಡೋಣ. ಅವನ ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಅದರ ಟೈರಿನ ಅಗಲ 165 ಮಿ.ಮೀ., ಒಳಗಿನ ಚಕ್ರದ ವ್ಯಾಸ 15 ಅಂಗುಲ. ನಮ್ಮ ಅಂಬಾಸಿಡರ್ ಕಾರಿನ ಟೈರು 5.90-15. ಎಂದರೆ ಅದೇ 15 ಅಂಗುಲದ ಚಕ್ರ, ಸುಮಾರು 150 ಮಿ.ಮೀ. ಅಗಲ. ಗಂಟೆಗೆ 205 ಕಿಲೋಮೀಟರು ಓಡುವ ಪೋರ್ಷೆಗೂ ನಮ್ಮ ಸರ್ಕಾರಿ ಅಂಬಾಸಿಡರಿಗೂ ಟೈರಿನ ಅಗಲದಲ್ಲಿ ಇದ್ದ ವ್ಯತ್ಯಾಸ ಒಂದೂವರೆ ಸೆಂಟಿಮೀಟರು! ಅದನ್ನು ಕಟ್ಟಿದವರು ದಡ್ಡರಲ್ಲವಾದ್ದರಿಂದ ಇದಕ್ಕೊಂದು ಅರ್ಥವಿರಬೇಕಲ್ಲ?

ಟೈರಿನ ಕೆಲಸವೇನು? ಗಾಳಿಯ ಮೇಲೆ ಭಾರ ಹೊರುವುದು ಒಂದು, ನೆಲವನ್ನು ಹಿಡಿಯುವುದು ಇನ್ನೊಂದು. ನಮ್ಮ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿಗೆ ಮೊದಲನೆಯದರ ಚಿಂತೆಯಿಲ್ಲ, ಎರಡನೆಯದರ ಚಿಂತೆ ಎತ್ತಿನ ಗೊರಸಿಗೆ ಬಿಟ್ಟದ್ದು. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟು ಪಡೆದಿದ್ದ. ಆದರೆ ಲೋಕ ಅದನ್ನು ಮರೆತು, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮತ್ತೆ ಕಂಡುಹಿಡಿಯಬೇಕಾಯಿತು. ಮುಂದಿನ ದೊಡ್ಡ ಹೆಜ್ಜೆ ಫ್ರಾನ್ಸಿನ ಮಿಶೆಲಿನ್ ಕಂಪನಿಯದು. ಅದುವರೆಗೆ ಟೈರಿನೊಳಗಿನ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು, ಅದು ಕ್ರಾಸ್‌ಪ್ಲೈ. ಮಿಶೆಲಿನ್ 1946ರಲ್ಲಿ ಪೇಟೆಂಟು ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ಟೈರಿನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರ, ಅದರ ಮೇಲೆ ಉಕ್ಕಿನ ಎಳೆಗಳ ಪಟ್ಟಿ. ಇದೇ ರೇಡಿಯಲ್. ಇದರ ಪಕ್ಕೆ ಮೆತ್ತಗಿದ್ದು ಬಾಗುತ್ತದೆ, ತಳ ಗಟ್ಟಿಯಾಗಿದ್ದು ನೆಲಕ್ಕೆ ಒತ್ತಿಕೊಳ್ಳುತ್ತದೆ. ನನ್ನ ಅಳಿಯನ 165ರ ಟೈರು ರೇಡಿಯಲ್. ನಮ್ಮ ಅಂಬಾಸಿಡರು ಬಹುಕಾಲ ಓಡಿದ್ದು ಕ್ರಾಸ್‌ಪ್ಲೈ ಮೇಲೆ. ಅಗಲ ಒಂದೇ ಎಂದು ಹೋಲಿಸಿ ಮೋಸಹೋಗಬಾರದು.

ಈಗ ಒಂದು ಸಣ್ಣ ಲೆಕ್ಕ. ಆ ಪೋರ್ಷೆಯ ತೂಕ, ಚಾಲಕನೂ ಸೇರಿ, 1100 ಕೆ.ಜಿ. ಎನ್ನೋಣ. ಅದರ ಎಂಜಿನ್ ಹಿಂದಿನ ಅಚ್ಚಿಗೂ ಹಿಂದೆ ತೂಗಾಡುವುದರಿಂದ ಭಾರದ ಸುಮಾರು ನೂರಕ್ಕೆ 60 ಪಾಲು ಹಿಂಬದಿಗೆ. ಒಂದೊಂದು ಹಿಂಚಕ್ರದ ಮೇಲೆ 330 ಕೆ.ಜಿ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕೆ.ಜಿ. ಇದ್ದರೆ, ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 165 ಚದರ ಸೆಂಟಿಮೀಟರು. ನಮ್ಮ ಅಂಚೆ ಇಲಾಖೆಯ ಕಾರ್ಡಿಗಿಂತ ತುಸು ದೊಡ್ಡದು. ಮುಂದಿನ ಚಕ್ರಗಳದು ಕಾರ್ಡಿಗಿಂತ ಚಿಕ್ಕದೇ. ಇಂಥ ನಾಲ್ಕು ಕಾರ್ಡುಗಳ ಮೇಲೆ ಮನುಷ್ಯ ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಿರುವಿನಲ್ಲಿ ನುಗ್ಗುತ್ತಾನೆ.

ಇನ್ನು ಗಮನಿಸಬೇಕಾದದ್ದು ಇಲ್ಲಿದೆ. ಟೈರು ಅಗಲವಾದರೆ ಈ ಕಾರ್ಡು ದೊಡ್ಡದಾಗುತ್ತದೆಯೇ? ಗಾಳಿಯ ಒತ್ತಡ ಅಷ್ಟೇ ಇದ್ದರೆ ಬಹುಮಟ್ಟಿಗೆ ಇಲ್ಲ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವ ಜಾಗ ಅಷ್ಟೇ. ಕಾರ್ಡನ್ನು ಉದ್ದಕ್ಕೆ ಇಟ್ಟಿದ್ದವರು ಅಡ್ಡಕ್ಕೆ ತಿರುಗಿಸಿ ಇಡುತ್ತೇವೆ, ಅಷ್ಟೆ. ಆದರೂ ಹಿಡಿತ ಹೆಚ್ಚುವುದು ನಿಜ. ಅಡ್ಡಲಾಗಿ ಹರಡಿದ ಗುರುತು ತಿರುವಿನಲ್ಲಿ ಕಡಿಮೆ ತಿರುಚಿಕೊಂಡೇ ಅಷ್ಟೇ ಬಲ ಕೊಡುತ್ತದೆ. ಎರಡನೆಯದಾಗಿ, ಘರ್ಷಣೆಗೂ ವಿಸ್ತೀರ್ಣಕ್ಕೂ ಸಂಬಂಧವಿಲ್ಲವೆಂದು ಹೈಸ್ಕೂಲಿನಲ್ಲಿ ನಾವು ಕಲಿತದ್ದು ಮರಕ್ಕೆ, ಲೋಹಕ್ಕೆ ಸರಿ, ರಬ್ಬರಿಗೆ ಸರಿಯಲ್ಲ. ರಬ್ಬರು ರಸ್ತೆಯ ಜಲ್ಲಿಯ ಸೂಕ್ಷ್ಮ ಉಬ್ಬುತಗ್ಗುಗಳೊಳಗೆ ಇಳಿದು ಅಂಟಿಕೊಳ್ಳುತ್ತದೆ, ಹಿಂಡಿಸಿಕೊಂಡು ಮತ್ತೆ ಅರಳುತ್ತದೆ. ಭಾರ ಹೆಚ್ಚುತ್ತ ಹೋದಂತೆ, ಹೆಚ್ಚಿದ ಭಾರಕ್ಕೆ ತಕ್ಕಷ್ಟು ಹಿಡಿತ ಕೊಡದೆ ಸೋಲುತ್ತದೆ. ಮೂರನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು: ಅಗಲವಾದ ಟೈರಿನಲ್ಲಿ ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುವುದರಿಂದ ಮೆತ್ತನೆಯ, ಅಂಟು ಗುಣದ ರಬ್ಬರು ಬಳಸಬಹುದು. ಜನ ಅಗಲಕ್ಕೆ ಕೊಡುವ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಈ ಮೆತ್ತನೆಯ ರಬ್ಬರಿಗೆ ಸಲ್ಲಬೇಕು.

ಇದಕ್ಕೊಂದು ಸ್ವಾರಸ್ಯದ ನಿದರ್ಶನ ಇಂಗ್ಲೆಂಡಿನಲ್ಲಿದೆ. 1961ರಲ್ಲಿ ಜಾಗ್ವಾರ್ ಕಂಪನಿ ತನ್ನ ಇ-ಟೈಪ್ ಕಾರನ್ನು ಜಿನೀವಾದಲ್ಲಿ ತೋರಿಸಿದಾಗ ಅದು ಗಂಟೆಗೆ 150 ಮೈಲಿ ಓಡುತ್ತದೆ ಎಂಬುದು ಮನೆಮಾತಾಯಿತು. ಪತ್ರಿಕೆಯವರು ಓಡಿಸಿ ಅಳೆದು ಹೌದೆಂದು ಬರೆದರು. ಆದರೆ ಪರೀಕ್ಷೆಗೆ ಕೊಟ್ಟ ಕಾರುಗಳಲ್ಲಿದ್ದುದು ಡನ್‌ಲಪ್ಪಿನ ಆರ್5 ಎಂಬ ರೇಸಿನ ಟೈರು. ಮಾಮೂಲಿ ಗಿರಾಕಿಯ ಕಾರಿಗೆ ಬರುತ್ತಿದ್ದುದು ಆರ್‌ಎಸ್5 ಎಂಬ, 6.40 ಅಂಗುಲದ, ರಸ್ತೆಯ ಕ್ರಾಸ್‌ಪ್ಲೈ. ಸುಳ್ಳೆನ್ನಲಾಗದು, ಪೂರ್ತಿ ನಿಜವೂ ಅಲ್ಲ. ಟೈರು ಬದಲಾದರೆ ಕಾರೇ ಬದಲಾದಂತೆ ಎಂಬುದು ಕಾರು ಮಾರುವವರಿಗೆ ಅಂದೇ ಗೊತ್ತಿತ್ತು.

ಪೋರ್ಷೆ 911ರ ಕಥೆಯನ್ನಂತೂ ಟೈರಿನ ಅಗಲದ ಕಥೆಯೆಂದೇ ಹೇಳಬಹುದು. 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಇದನ್ನು ಮೊದಲು ತೋರಿಸಿದಾಗ ಹೆಸರು 901. ನಡುವೆ ಸೊನ್ನೆಯುಳ್ಳ ಸಂಖ್ಯೆಗಳೆಲ್ಲ ನಮ್ಮವು ಎಂದು ಪ್ಯೂಜೊ ಕಂಪನಿ ತಕರಾರು ತೆಗೆದ ಮೇಲೆ 911 ಆಯಿತು. ಚಕ್ರದ ಅಗಲ ಕೇವಲ ನಾಲ್ಕೂವರೆ ಅಂಗುಲ, ಟೈರು 165. ಹಿಂದೆ ಭಾರ ಹೆಚ್ಚಿದ್ದರಿಂದ ಈ ಕಾರಿಗೊಂದು ಕೆಟ್ಟ ಚಾಳಿಯಿತ್ತು. ತಿರುವಿನಲ್ಲಿ ಹೆದರಿ ಆಕ್ಸಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರು ಹಗುರಾಗುತ್ತದೆ, ಎಂಜಿನ್ ಗಡಿಯಾರದ ಲೋಲಕದಂತೆ ಹೊರಕ್ಕೆ ಬೀಸುತ್ತದೆ. ಕಾರು ತನ್ನ ಬಾಲವನ್ನೇ ಮುಂದೆ ಮಾಡಿಕೊಂಡು ಹೊಲಕ್ಕಿಳಿಯುತ್ತದೆ. ಇದನ್ನು ಹತೋಟಿಗೆ ತರಲು ಮೊದಮೊದಲು ಮುಂದಿನ ಬಂಪರಿನ ಎರಡು ತುದಿಗಳಲ್ಲಿ ತಲಾ 11 ಕೆ.ಜಿ.ಯ ಕಬ್ಬಿಣದ ಗಟ್ಟಿಗಳನ್ನು ಅಡಗಿಸಿಟ್ಟರು! ತಕ್ಕಡಿ ಸರಿಯಿಲ್ಲದಿದ್ದರೆ ಅಂಗಡಿಯವ ಕಲ್ಲು ಕಟ್ಟುವಂತೆ. ಆಮೇಲೆ 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನೇ 57 ಮಿ.ಮೀ. ಹಿಂದಕ್ಕೆ ಸರಿಸಿದರು, ಹೆಚ್ಚು ಶಕ್ತಿಯ ಮಾದರಿಗೆ ಆರು ಅಂಗುಲದ ಚಕ್ರ, 185ರ ಟೈರು ಬಂತು.

ನಿಜವಾದ ತಿರುವು ಬಂದದ್ದು 1972ರ ಅಕ್ಟೋಬರಿನಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ. ಕರೇರಾ ಆರ್‌ಎಸ್ 2.7 ಎಂಬ ಹಗುರ ಕಾರು, 210 ಅಶ್ವಶಕ್ತಿ, ಹಿಂದೆ ಬಾತುಕೋಳಿಯ ಬಾಲದಂಥ ರೆಕ್ಕೆ. ಎಲ್ಲರೂ ರೆಕ್ಕೆ ನೋಡಿದರು. ನೋಡಬೇಕಾದದ್ದು ಕೆಳಗಿತ್ತು. ಮುಂದೆ 185/70, ಹಿಂದೆ 215/60. ಪೋರ್ಷೆ ತನ್ನ ಮಾರಾಟದ ಕಾರಿಗೆ ಮುಂದೊಂದು ಹಿಂದೊಂದು ಅಗಲದ ಟೈರು ಹಾಕಿದ್ದು ಅದೇ ಮೊದಲು. ಅದಕ್ಕಾಗಿ ಹಿಂಬದಿಯ ಮೈಯನ್ನು 42 ಮಿ.ಮೀ. ಅಗಲ ಮಾಡಿದರು, ಚಕ್ರವನ್ನು ಏಳು ಅಂಗುಲಕ್ಕೆ ಏರಿಸಿದರು. ಟೈರು ಇಟಲಿಯ ಪಿರೆಲ್ಲಿ ಕಂಪನಿಯ ಸಿಎನ್36.

ಈ ಎರಡು ಅಳತೆಗಳನ್ನು ಸ್ವಲ್ಪ ಬಿಡಿಸಿ ನೋಡಿ. 185/70 ಎಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರ ನೂರಕ್ಕೆ 70. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 259 ಮಿ.ಮೀ., ನಡುವಿನ ಚಕ್ರ 381 ಮಿ.ಮೀ., ಒಟ್ಟು 640. ಹಾಗೆಯೇ 215/60ರ ಲೆಕ್ಕ ಹಾಕಿ: 639. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸ! ಅಗಲ ಹೆಚ್ಚಿಸಿದರೂ ಎತ್ತರ ಕೆಡಲಿಲ್ಲ, ಗೇರಿನ ಲೆಕ್ಕ ಕೆಡಲಿಲ್ಲ, ಸ್ಪೀಡೋಮೀಟರು ಸುಳ್ಳು ಹೇಳಲಿಲ್ಲ. ಇನ್ನೊಂದು ಸೂಕ್ಷ್ಮ: ಅಗಲ ಹೆಚ್ಚಿಸಿದ್ದು ಹಿಂದೆ ಮಾತ್ರ. ಮುಂದೆಯೂ ಅಷ್ಟೇ ಹಿಡಿತ ಕೊಟ್ಟಿದ್ದರೆ ಮೂತಿ ತಿರುವಿಗೆ ಕಚ್ಚಿಕೊಂಡು ಬಾಲ ಇನ್ನಷ್ಟು ಬೀಸುತ್ತಿತ್ತು. ನಾಲ್ಕೂ ಕಡೆ ಒಂದೇ ಅಗಲದ ದಪ್ಪ ಟೈರು ಹಾಕಿಸಿ ‘ಈಗ ಸುರಕ್ಷಿತ’ ಎಂದು ಬೀಗುವ 911ರ ಮಾಲೀಕರು ಈ ಕಾರಿನ ಚಾಳಿಯನ್ನು ಕೈಯಾರೆ ಬೆಳೆಸಿರುತ್ತಾರೆ.

ಆಮೇಲಿನದು ಓಟ. 1974ರಲ್ಲಿ 911 ಟರ್ಬೊ ಬಂತು. ಲಾನ್ಸಿಯಾ ಸ್ಟ್ರಾಟೋಸ್ ಎಂಬ ರ್‍ಯಾಲಿ ಕಾರಿಗೆಂದು ಪಿರೆಲ್ಲಿ ರೂಪಿಸಿದ ಪಿ7 ಎಂಬ ತಗ್ಗು ಪಕ್ಕೆಯ ಟೈರು ಕೆಲಕಾಲದಲ್ಲೇ ಅದಕ್ಕೂ ದಕ್ಕಿತು. ಮುಂದೆ 205/50, ಹಿಂದೆ 225/50. ನನ್ನ ಅಳಿಯ ಆಸೆಪಟ್ಟ ಅಳತೆ ಇದೇ. ಆದರೆ ಟರ್ಬೊ ಕಾರಿನ ಹಿಂಭಾಗವೇ ಬೇರೆ, ಉಬ್ಬಿದ ಸೊಂಟ, ಬೇರೆ ಸಸ್ಪೆನ್ಷನ್. ಅಷ್ಟಿದ್ದೂ ಆ ಕಾರಿಗೆ ‘ವಿಧವೆಯರನ್ನು ಮಾಡುವವ’ ಎಂಬ ಅಡ್ಡಹೆಸರು ಬಿತ್ತು. ಟೈರಿನ ಅಗಲವೊಂದೇ ಜನರನ್ನು ಉಳಿಸುವಂತಿದ್ದರೆ ಆ ಹೆಸರು ಬರುತ್ತಿರಲಿಲ್ಲ.

ಆ ಅಳತೆಯನ್ನು ಅವನ ಕಾರಿಗೆ ಹಾಕಿದರೇನಾಗುತ್ತದೆ? 205/50ರ ಒಟ್ಟು ಎತ್ತರ 586 ಮಿ.ಮೀ., 225/50ರದು 606. 640ಕ್ಕೆ ಹೋಲಿಸಿದರೆ ಕಾರಿನ ಮೂತಿ 27 ಮಿ.ಮೀ. ಕುಸಿಯುತ್ತದೆ, ಬಾಲ 17. ಸ್ಪೀಡೋಮೀಟರು ನೂರು ತೋರಿಸುವಾಗ ಕಾರು ಓಡುತ್ತಿರುವುದು ಸುಮಾರು 95. ಅಷ್ಟೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ಸುತ್ತಬೇಕು. ಚಕ್ರ ಐದೂವರೆ ಅಂಗುಲದ್ದಾದರೆ ಇಷ್ಟಗಲ ಟೈರು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಾನೆ? ಹಾಸಿಗೆ ದೊಡ್ಡದು ಮಾಡಿದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಮಡ್‌ಗಾರ್ಡು ಕತ್ತರಿಸಿ ಉಬ್ಬಿಸಬೇಕು. ಅಗಲ ಟೈರಿನ ತಳ ಚಪ್ಪಟೆ. ಕಾರು ತಿರುವಿನಲ್ಲಿ ವಾಲಿದಾಗ ಒಂದಂಚು ನೆಲ ಬಿಡುತ್ತದೆ. ವಾಲದಂತೆ ಮಾಡಲು ಸ್ಪ್ರಿಂಗು ಗಡುಸಾಗಬೇಕು. ಸ್ಪ್ರಿಂಗು ಗಡುಸಾದರೆ ಐವತ್ತು ವರ್ಷದ, ಒಳಗೊಳಗೆ ತುಕ್ಕು ಹಿಡಿದಿರಬಹುದಾದ ಮೈಗೆ ಪೆಟ್ಟು ಬೀಳುತ್ತದೆ. ಆ ಕಾಲದ 911ಕ್ಕೆ ಪವರ್ ಸ್ಟೀರಿಂಗ್ ಇಲ್ಲ, ಪಾರ್ಕಿಂಗಿನಲ್ಲಿ ತೋಳು ನೋಯುತ್ತದೆ. ಲಂಗೋಟಿ ಉಳಿಸಿಕೊಳ್ಳಲು ಬೆಕ್ಕು ಸಾಕಿ, ಬೆಕ್ಕಿಗೆಂದು ಹಸು ಸಾಕಿ, ಕೊನೆಗೆ ಸಂಸಾರಿಯಾದ ಸನ್ಯಾಸಿಯ ಕಥೆ ನಿಮಗೆ ಗೊತ್ತೇ ಇದೆ.

ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಒಂದು ಕಾಲಕ್ಕೆ ನನ್ನ ಪ್ರೀಮಿಯರ್ ಪದ್ಮಿನಿಗೆ ಅಂಗಡಿಯವನ ಮಾತು ಕೇಳಿ ಎರಡು ಸುತ್ತು ಅಗಲದ ಟೈರು ಹಾಕಿಸಿದ್ದೆ. ಬೀದಿಯವರೆಲ್ಲ ಮೆಚ್ಚಿದರು. ಮೊದಲ ಭಾನುವಾರ ಐದು ಜನ ಕೂತು ದೇವಸ್ಥಾನಕ್ಕೆ ಹೊರಟಾಗ ಪ್ರತಿ ತಿರುವಿನಲ್ಲೂ ಕರ್ ಕರ್ ಎಂದು ಸದ್ದು. ತೆಗೆದು ನೋಡಿದರೆ ಟೈರಿನ ಹೆಗಲು ಮಡ್‌ಗಾರ್ಡಿನ ತಗಡಿಗೆ ತಾಗಿ ಚಾಕುವಿನಿಂದ ಕೆತ್ತಿದಂತಾಗಿತ್ತು. ಘಾಟಿ ಇಳಿಯುವಾಗ ಸಿಡಿಯಲಿಲ್ಲವೆಂಬುದು ಪುಣ್ಯ. ಪಾಠ ಹೇಳುವ ಮೇಷ್ಟರಿಗೇ ಹೀಗಾದದ್ದನ್ನು ವಿದ್ಯಾರ್ಥಿಗಳಿಗೆ ಹೇಳದೆ ಮುಚ್ಚಿಟ್ಟೆ.

ಹಾಗಾದರೆ ಹಳೆಯ ಸ್ಪೋರ್ಟ್ಸ್ ಕಾರಿಗೆ ಒಳ್ಳೆಯ ಹಿಡಿತ ಬೇಡವೇ? ಬೇಕು. ಇಂದಿನ ರಸ್ತೆಯಲ್ಲಿ ಮುಂದೆ ಹೋಗುವ ಹೊಸ ಕಾರು ಗಕ್ಕನೆ ನಿಲ್ಲುತ್ತದೆ, ಹಿಂದಿನ ಹಳೆಯ ಕಾರೂ ನಿಲ್ಲಬೇಕಲ್ಲ. ಕಷ್ಟವಿರುವುದು ಆಯ್ಕೆಯಲ್ಲಿ. ಹೊಸ ಸ್ಪೋರ್ಟ್ಸ್ ಕಾರುಗಳು 18, 19, 20 ಅಂಗುಲದ ಚಕ್ರಗಳಿಗೆ ಏರಿ ಕೂತಿವೆ. ದೊಡ್ಡ ಕಂಪನಿಗಳ ಅತ್ಯುತ್ತಮ ರಬ್ಬರೆಲ್ಲ ಆ ಅಳತೆಗೆ ಹೋಗುತ್ತದೆ. ಹದಿನೈದು ಅಂಗುಲಕ್ಕೆ ಉಳಿದಿರುವುದು ಹೆಚ್ಚಾಗಿ ಸಣ್ಣ ಸಂಸಾರದ ಕಾರುಗಳ ಟೈರು. ಇದರಲ್ಲಿ 205/50ರ ಅಳತೆ ಮಾತ್ರ ಜೀವ ಹಿಡಿದುಕೊಂಡಿದೆ. 1989ರಲ್ಲಿ ಹುಟ್ಟಿದ ಮಜ್ದಾ ಮಿಯಾಟಾ ಎಂಬ ಪುಟ್ಟ ಕಾರನ್ನು ಅಮೆರಿಕದಲ್ಲಿ ಸಾವಿರಾರು ಜನ ವಾರಾಂತ್ಯದ ರೇಸಿಗೆ ಬಳಸುತ್ತಾರೆ, ಅದರ ಅಳತೆ ಅದು. ಒಂದು ಜಪಾನೀ ಕಾರಿನ ಜನಪ್ರಿಯತೆ ಇನ್ನೊಂದು ಜರ್ಮನ್ ಕಾರಿನ ಮಾಲೀಕನ ಆಸೆಗೆ ಗಾಳಿ ಹಾಕುವುದು ಹೀಗೆ.

ಸಿಗುವ ಟೈರುಗಳಲ್ಲಿ ಎರಡು ಜಾತಿ. ಒಂದು, ಹಳೆಯದರ ಪ್ರತಿರೂಪ. ಪಿರೆಲ್ಲಿ ಸಿಎನ್36ನ್ನು ಹಳೆಯ ಗೆರೆಗಳ ವಿನ್ಯಾಸದಲ್ಲೇ, ಹೊಸ ರಬ್ಬರಿನಲ್ಲಿ, 185/70 ಮತ್ತು 215/60 ಅಳತೆಗಳಲ್ಲಿ ಮತ್ತೆ ಹೊರತಂದಿದೆ. ಬೆಲೆ ಕೈ ಸುಡುತ್ತದೆ. ಇನ್ನೊಂದು, ರಸ್ತೆಯಲ್ಲಿ ಓಡಿಸಲು ಪರವಾನಗಿಯಿದ್ದರೂ ಮನಸ್ಸೆಲ್ಲ ರೇಸಿನ ಮೈದಾನದಲ್ಲಿರುವ ಮೆತ್ತನೆಯ ಟೈರು. ಜಪಾನಿನ ಟೋಯೊ ಕಂಪನಿಯ ಆರ್888ಆರ್ ಇಂಥದ್ದು. ಅಮೆರಿಕದಲ್ಲಿ ಮಾರುವ ಟೈರುಗಳ ಪಕ್ಕೆಯ ಮೇಲೆ ಸವೆತದ ಅಂಕ ಅಚ್ಚಾಗಿರುತ್ತದೆ: ಮಾಮೂಲಿ ಟೈರಿಗೆ 400, 500, ಅಂಟು ಟೈರಿಗೆ 200 ಅಥವಾ ಅದಕ್ಕೂ ಕಡಿಮೆ. ಈ ಅಂಕವನ್ನು ಕೊಡುವವನು ತಯಾರಕನೇ ಆದ್ದರಿಂದ ಬೇರೆ ಬೇರೆ ಕಂಪನಿಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ತೂಗಬಾರದು. ಈ ಮೆತ್ತನೆಯ ಟೈರು ಬಿಸಿಯಾದ ಮೇಲಷ್ಟೇ ಹಿಡಿಯುವುದು. ಜರ್ಮನಿಯ ನವೆಂಬರ್ ಬೆಳಗ್ಗೆ ತರಕಾರಿ ತರಲು ಹೊರಟ ಕಾರಿನಲ್ಲಿ ಅದು ಬಿಸಿಯಾಗುವುದೇ ಇಲ್ಲ. ಮಳೆಯಲ್ಲಂತೂ ಅಗಲವೇ ಶತ್ರು. ಕಿರಿದಾದ ಟೈರು ನೀರನ್ನು ದೋಣಿಯ ಮೂತಿಯಂತೆ ಸೀಳುತ್ತದೆ. ಅಗಲದ್ದು, ಗೆರೆಗಳೂ ಕಡಿಮೆಯಿದ್ದರೆ, ಹಲಗೆಯಂತೆ ನೀರಿನ ಮೇಲೆ ತೇಲುತ್ತದೆ. ಆಗುಂಬೆಯ ಜುಲೈ ತಿಂಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವ್ಯತ್ಯಾಸ ಅಂಕಿಯಲ್ಲಿ ಹೇಳಲಾಗದ್ದು. ಎತ್ತರದ ಪಕ್ಕೆಯ ಹಳೆಯ ಟೈರು ಸೋಲುವ ಮುನ್ನ ಹೇಳಿ ಸೋಲುತ್ತದೆ: ಕಿರುಗುಟ್ಟುತ್ತದೆ, ಮೆಲ್ಲನೆ ಜಾರುತ್ತದೆ, ಸ್ಟೀರಿಂಗಿನಲ್ಲಿ ಕೈಗೆ ತಿಳಿಸುತ್ತದೆ. ಅಗಲದ ಅಂಟು ಟೈರು ಬಹಳ ಹೊತ್ತು ಬಿಗಿಯಾಗಿ ಹಿಡಿದಿದ್ದು, ಬಿಡುವಾಗ ಗಕ್ಕನೆ ಬಿಡುತ್ತದೆ. ಬಿಡುವ ಹೊತ್ತಿಗೆ ವೇಗವೂ ಹೆಚ್ಚಿರುತ್ತದೆ.

ಇಷ್ಟೆಲ್ಲ ಹೇಳಿದರೂ ನಾನು ಅಳಿಯನಿಗೆ ಮೊದಲು ಕೇಳಿದ ಪ್ರಶ್ನೆ ಅಗಲದ್ದಾಗಿರಲಿಲ್ಲ. ‘ಈಗಿರುವ ಟೈರು ಹುಟ್ಟಿದ್ದು ಯಾವಾಗ?’ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಟೈರಿನ ಪಕ್ಕೆಯ ಮೇಲೆ ತಯಾರಾದ ವಾರ, ವರ್ಷ ಬರೆದಿರುತ್ತದೆ. 2000ದಿಂದೀಚೆಗೆ ನಾಲ್ಕು ಅಂಕೆ: 3519 ಎಂದರೆ 2019ರ 35ನೆಯ ವಾರ. ಅದಕ್ಕೂ ಹಿಂದೆ ಮೂರೇ ಅಂಕೆ. ಹಳೆಯ ಕಾರುಗಳ ದುರಂತವೆಂದರೆ ಅವು ವರ್ಷಕ್ಕೆ ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು. ಗೆರೆ ಸವೆಯುವುದಿಲ್ಲ, ಟೈರು ಹೊಸದರಂತೆ ಕಾಣುತ್ತದೆ. ಆದರೆ ರಬ್ಬರಿಗೆ ವಯಸ್ಸಾಗುವುದು ಓಡಿದ್ದರಿಂದ ಮಾತ್ರವಲ್ಲ. ಗಾಳಿಯ ಆಮ್ಲಜನಕ, ಓಝೋನ್ ಅದನ್ನು ತಿನ್ನುತ್ತವೆ, ಒಳಗಿನ ಎಣ್ಣೆಯಂಶ ಆರಿಹೋಗುತ್ತದೆ. ಬಿರುಕು ತಡೆಯಲೆಂದು ರಬ್ಬರಿನಲ್ಲಿ ಬೆರೆಸಿದ ಮೇಣ ಮೇಲಕ್ಕೆ ಬರುವುದು ಟೈರು ಉರುಳಿ ಬಾಗಿದಾಗ; ನಿಂತ ಕಾರಿನಲ್ಲಿ ಅದೂ ಇಲ್ಲ. ಹತ್ತು ವರ್ಷವಾದ ಟೈರನ್ನು ಗೆರೆ ಎಷ್ಟೇ ಇದ್ದರೂ ಬದಲಿಸಿ ಎಂದು ಟೈರು ಕಂಪನಿಗಳೇ ಹೇಳುತ್ತವೆ. ಬ್ರಿಟನ್ನು 2021ರ ಫೆಬ್ರುವರಿಯಿಂದ ಬಸ್ಸು, ಲಾರಿಗಳ ಮುಂಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರು ಹಾಕುವುದನ್ನು ನಿಷೇಧಿಸಿತು.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಪೋರ್ಷೆ ಕರೇರಾ ಜಿಟಿ ಕಾರೊಂದು ಅಪಘಾತಕ್ಕೀಡಾಗಿ, ಅದರಲ್ಲಿದ್ದ ಚಿತ್ರನಟ ಪಾಲ್ ವಾಕರ್ ಮತ್ತು ಓಡಿಸುತ್ತಿದ್ದ ಸ್ನೇಹಿತ ಇಬ್ಬರೂ ಸತ್ತರು. ಅತಿವೇಗವೇ ಕಾರಣವೆಂದು ತನಿಖೆ ಹೇಳಿತು. ಜೊತೆಗೆ, ಕಾರಿನ ಟೈರುಗಳಿಗೆ ಒಂಬತ್ತು ವರ್ಷ ಮೀರಿತ್ತೆಂಬುದನ್ನೂ ದಾಖಲಿಸಿತು. ಅಗಲದಲ್ಲಿ ಅವಕ್ಕೆ ಕೊರತೆಯೇನೂ ಇರಲಿಲ್ಲ.

ಕೊನೆಗೆ ನಮ್ಮ ಹುಡುಗ ಏನು ಮಾಡಿದನೆಂದು ಕೇಳಿದರೆ, ಆರು ಅಂಗುಲದ ಹಳೆಯ ಚಕ್ರಗಳನ್ನು ಹುಡುಕಿ ನಾಲ್ಕೂ ಕಡೆ 185/70 ಹಾಕಿಸಿದ, ಹೊಸ ರಬ್ಬರಿನದು. ಅದೇ ಕಾಲದ ಹೆಚ್ಚು ಶಕ್ತಿಯ 911 ಎಸ್ ಕಾರಿನ ಅಳತೆ ಅದು, ಮೈ ಕತ್ತರಿಸಬೇಕಾಗಲಿಲ್ಲ. ನಾಲ್ಕೂ ಕಡೆ ಒಂದೇ ಅಗಲ ಬೇಡವೆಂದು ನೀವೇ ಹೇಳಿದಿರಲ್ಲ ಎಂದು ಯಾರಾದರೂ ಕೇಳಬಹುದು. ಕಾರ್ಖಾನೆಯವರು ಆ ಮೈಗೆ, ಆ ಸ್ಪ್ರಿಂಗಿಗೆ ಹೊಂದಿಸಿ ಕೊಟ್ಟ ಜೋಡಿ ಇದು, ಅದಕ್ಕಾಗಿ ಒಪ್ಪಿದೆ. ಜರ್ಮನಿಯಲ್ಲಿ ಕಾರಿನ ಕಾಗದಪತ್ರದಲ್ಲಿಲ್ಲದ ಅಳತೆ ಹಾಕಿದರೆ ತಪಾಸಣೆಯವರಿಂದ ಒಪ್ಪಿಗೆ ಪಡೆಯಬೇಕು. ಮೂವತ್ತು ವರ್ಷ ದಾಟಿದ ಕಾರಿಗೆ ಸಿಗುವ ಐತಿಹಾಸಿಕ ನಂಬರು ಫಲಕವೂ ಮನಬಂದಂತೆ ಬದಲಿಸಿದರೆ ಕೈತಪ್ಪಬಹುದು. ಆ ಭಯವೂ ನನ್ನ ಮಾತಿನ ಜೊತೆ ಕೆಲಸ ಮಾಡಿತೆಂದು ಕಾಣುತ್ತದೆ.

ಟೈರು ಬದಲಿಸಿದ ದಿನ ಅವನು ಒಂದು ಫೋಟೋ ಕಳಿಸಿದ. ಮುಂದಿನ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಟೈರು. ಒಂದು ಗೆರೆಯೂ ಸವೆದಿಲ್ಲ, ಕಪ್ಪಗೆ ಮಿರುಗುತ್ತಿದೆ. ಪಕ್ಕೆಯ ಮೇಲೆ ಮೂರೇ ಅಂಕೆ. ‘ಇದನ್ನು ಎಸೆದುಬಿಡು’ ಎಂದೆ. ‘ಹೂಂ’ ಎಂದ. ಹೋದ ತಿಂಗಳು ಕೇಳಿದಾಗ ಅದಿನ್ನೂ ಗ್ಯಾರೇಜಿನ ಮೂಲೆಯಲ್ಲೇ ಇತ್ತು. ಅವನ ಮಗಳು ಅದರೊಳಗೆ ಕೂತು ಆಟವಾಡುತ್ತಾಳಂತೆ.